ಬಾವಿ ಅಳೆಯುವ ಮೇಡಂ

ಕಡೂರಿನ ನಮ್ಮ ಆಫೀಸಿನಲ್ಲಿ ಹಳೆಯ ಹ್ಯಾಂಡ್‌ಹೆಲ್ಡ್ ಯಂತ್ರಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ವಾಪಸು ಕಳಿಸುವ ಕೆಲಸ ಮೊನ್ನೆ ನನ್ನ ತಲೆಗೆ ಬಂತು. ಇನ್ನು ಮುಂದೆ ಎಲ್ಲ ಅಳತೆಯೂ ಫೋನಿನಲ್ಲೇ ಅಂತೆ. ಅಂಗೈಗಿಂತ ತುಸು ದೊಡ್ಡದಾದ, ಇಟ್ಟಿಗೆಯಷ್ಟು ಭಾರದ ಆ ಪುಟ್ಟ ಕಂಪ್ಯೂಟರುಗಳ ಮೇಲೆ ನನಗೆ ಯಾವತ್ತೂ ಪ್ರೀತಿ ಇರಲಿಲ್ಲ. ಬಿಸಿಲಿಗೆ ಹಿಡಿದರೆ ತೆರೆ ಕಾಣಿಸದು, ಚಳಿಗೆ ಬ್ಯಾಟರಿ ನಿಲ್ಲದು, ಅವಸರದಲ್ಲಿದ್ದಾಗ ಒಂದೂ ಮಾತು ಕೇಳದು. ಬೈದುಕೊಳ್ಳುತ್ತಲೇ ಒಂದೊಂದನ್ನು ತುಂಬುತ್ತ ಬಂದವನು ಒಂದರ ಹತ್ತಿರ ನಿಂತುಬಿಟ್ಟೆ. ಉಳಿದವಕ್ಕೆಲ್ಲ ಕಂಪನಿ ಕೊಟ್ಟ ಕರಿ ಚೀಲ. ಇದಕ್ಕೆ ಮಾತ್ರ ಹೂವಿನ ಚೂಡಿದಾರದ ಬಟ್ಟೆಯಲ್ಲಿ ಕೈಯಿಂದ ಹೊಲಿದ ಚೀಲ, ಬಾಯಿಗೆ ಲಾಡಿ. ಚೀಲ ಬಿಚ್ಚಿ ನಾನಿಟ್ಟುಕೊಂಡೆ, ಯಂತ್ರವನ್ನು ಪೆಟ್ಟಿಗೆಗೆ ಹಾಕಿದೆ. ವಾಪಸು ಕೇಳಿದ ಸಾಮಾನಿನಲ್ಲಿ ಚೀಲ ಸೇರಿರಲಿಲ್ಲ.

ಅದು ಮೇಡಂ ಅವರದು. ಅವರ ಹೆಸರು ಬರೆಯುವುದಿಲ್ಲ. ಹೆಸರಿನಿಂದ ಅವರನ್ನು ಯಾರೂ ಕರೆದದ್ದನ್ನು ನಾನಂತೂ ಕೇಳಿಲ್ಲ. ಆಫೀಸಿನಲ್ಲಿ ಮೇಡಂ, ಊರುಗಳಲ್ಲಿ ‘ಬಾವಿ ಅಳೆಯೋ ಮೇಡಮ್ಮ’.

ನಮ್ಮದು ಸರ್ಕಾರಕ್ಕೆ ನೀರಿನ ಮಟ್ಟ ಅಳೆದುಕೊಡುವ ಒಂದು ಸಣ್ಣ ಗುತ್ತಿಗೆ ಸಂಸ್ಥೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಊರ ಬಾವಿಗಳಲ್ಲಿ ತಿಂಗಳಿಗೊಮ್ಮೆ ಟೇಪು ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆಯೆಂದು ನೋಡಿ, ಬಾವಿಯ ಪಕ್ಕದಲ್ಲೇ ನಿಂತು ಹ್ಯಾಂಡ್‌ಹೆಲ್ಡ್‌ಗೆ ತುಂಬಬೇಕು. ಟೇಪಿನ ತುದಿ ನೀರು ಮುಟ್ಟಿದರೆ ಮೇಲೆ ಕೈಯಲ್ಲಿರುವ ಸುರುಳಿ ಕುಂಯ್ ಅನ್ನುತ್ತದೆ. ಅಳೆಯುವುದು ಅವರ ಕೆಲಸ. ಸಾಫ್ಟ್‌ವೇರ್ ಕೈಕೊಟ್ಟರೆ ಸರಿಮಾಡುವುದು, ತಂದ ಅಂಕಿಗಳಿಂದ ವರದಿ ತಯಾರಿಸುವುದು ನನ್ನ ಕೆಲಸ. ಬೇರೆ ಡ್ರೈವರ್ ಇಡುವಷ್ಟು ಧಾರಾಳಿಗಳಲ್ಲ ನಮ್ಮವರು, ಆದ್ದರಿಂದ ಜೀಪು ಓಡಿಸುವುದೂ ನನ್ನ ಕೆಲಸವೇ.

ಮೇಡಂ ತರೀಕೆರೆಯವರು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಮುಸ್ಲಿಂ ಮನೆತನ. ತಂದೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರು ವೈಂಡಿಂಗ್ ಅಂಗಡಿ ಇತ್ತಂತೆ. ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ತಾಮ್ರದ ತಂತಿ ಸುತ್ತುತ್ತಿದ್ದರಂತೆ. ‘ಯಾವ ಊರಿಂದ ಸುಟ್ಟ ಮೋಟ್ರು ಜಾಸ್ತಿ ಬರುತ್ತೋ ಆ ಊರಲ್ಲಿ ನೀರು ಹೋಯ್ತು ಅಂತ ಅಬ್ಬಾ ಹೇಳೋರು ಕಣಪ್ಪ. ನೀರಿಲ್ಲದೆ ಓಡಿದ್ರೆ ತಾನೇ ಮೋಟ್ರು ಸುಡೋದು? ಆ ವಾಸನೆ ಮೂಗಲ್ಲಿ ಕೂತ್ಬಿಟ್ಟಿದೆ’ ಅನ್ನುತ್ತಿದ್ದರು. ಡಿಪ್ಲೊಮಾ ಮಾಡಿದ್ದು, ಈ ಕೆಲಸಕ್ಕೆ ಬಂದದ್ದು, ಎಲ್ಲ ಆ ವಾಸನೆಯ ದೆಸೆಯಿಂದ ಎಂದೇ ಅವರ ನಂಬಿಕೆ. ನನಗೆ ಮೊದಲು ಇದು ದೊಡ್ಡ ಮಾತೆನಿಸಿತ್ತು. ಆಮೇಲಾಮೇಲೆ ನಾನೂ ಪಂಪ್‌ಹೌಸಿನ ಬಾಗಿಲಲ್ಲಿ ನಿಂತು ಮೂಗು ಅರಳಿಸತೊಡಗಿದೆ.

ಆಳು ಕುಳ್ಳು, ನಡಿಗೆ ಬಿರುಸು. ಬಾವಿಯ ಹತ್ತಿರ ಹೋದೊಡನೆ ಮಾಡುತ್ತಿದ್ದ ಮೊದಲ ಕೆಲಸ ಚಪ್ಪಲಿ ಬಿಡುವುದು. ಟೇಪು ಇಳಿಬಿಟ್ಟು, ಸುರುಳಿ ಕುಂಯ್ ಅಂದಮೇಲೆ, ದುಪಟ್ಟಾವನ್ನು ತಲೆಯಿಂದ ಮುಂದಕ್ಕೆಳೆದು ಯಂತ್ರದ ಸಮೇತ ಪೂರ್ತಿ ಮುಸುಕಿನೊಳಗೆ ಹೋಗಿಬಿಡುತ್ತಿದ್ದರು. ಬಿಸಿಲಲ್ಲಿ ತೆರೆ ಕಾಣಬೇಕಲ್ಲ. ಒಳಗಿಂದ ‘ಹೂಂ, ಆಯ್ತು’ ಅನ್ನುವ ದನಿ ಬಂದಮೇಲೆಯೇ ಮುಖ ಹೊರಗೆ. ಯಂತ್ರ ಏನಾದರೂ ತಕರಾರು ತೆಗೆದರೆ ಅದನ್ನು ಬೈಯುವುದು ಮನೆಮಾತಾದ ಉರ್ದುವಿನಲ್ಲಿ, ‘ಕೈಕು ರೇ?’, ಅಂದರೆ ಯಾಕೋ, ಎಂದು. ನನ್ನನ್ನು ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ.

ಬೈಸಿಕೊಳ್ಳುವ ಸಂದರ್ಭಗಳು ಬೇಕಾದಷ್ಟಿದ್ದವು, ಏಕೆಂದರೆ ನನಗೆ ಹೊತ್ತಿಗೆ ಸರಿಯಾಗಿ ಮನೆ ಸೇರುವ ಚಟ, ಅವರಿಗೆ ಹಿಡಿದದ್ದನ್ನು ಬಿಡದ ಚಟ. ಅಜ್ಜಂಪುರ ಹೊಸ ತಾಲ್ಲೂಕಾದ ಮೇಲಿನ ಒಂದು ಪ್ರಸಂಗ ಹೇಳಬೇಕು. ಅಂತರಘಟ್ಟೆಯ ಬಾವಿಯ ಹತ್ತಿರ ನಿಂತಿದ್ದೇವೆ. ಯಂತ್ರದ ಪಟ್ಟಿಯಲ್ಲಿ ಆ ಊರು ಇನ್ನೂ ತರೀಕೆರೆ ತಾಲ್ಲೂಕಿನಲ್ಲಿ. ಯಂತ್ರದೊಳಗಿನ ನಕ್ಷೆಗೆ ಮಾತ್ರ ಅಜ್ಜಂಪುರ ತಾಲ್ಲೂಕಾದದ್ದು ಗೊತ್ತಾಗಿಬಿಟ್ಟಿದೆ. ಎರಡೂ ಜಗಳವಾಡಿಕೊಂಡು ‘ಸ್ಥಳ ತಪ್ಪು’ ಎಂದು ತೆರೆ ಕೆಂಪಾಗುತ್ತದೆ. ಬೆಂಗಳೂರಿನಲ್ಲಿದ್ದ ಮ್ಯಾನೇಜರು ಫೋನಿನಲ್ಲಿ, ‘ಬಿಟ್ಟು ಮುಂದಕ್ಕೆ ಹೋಗಿ ಮೇಡಂ, ಒಂದು ಬಾವಿ ತಾನೆ’ ಅಂದರು.

‘ಸಾರ್, ನಾನು ನಿಂತಿರೋದು ನೆಲದ ಮೇಲೆ, ನಿಮ್ಮ ಪಟ್ಟಿ ಮೇಲಲ್ಲ. ನೆಲ ಎಲ್ಲಿದೆಯೋ ಅಲ್ಲೇ ಇದೆ. ಸರಿಮಾಡಿಸಿ, ಕಾಯ್ತೀನಿ’ ಅಂದವರೇ ಕಲ್ಲುಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದರು. ಅಕ್ಕಿರೊಟ್ಟಿ. ನನ್ನ ಅಮ್ಮನದಕ್ಕಿಂತ ತೆಳುವಾಗಿತ್ತೆಂಬುದನ್ನು ನಾನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ರೊಟ್ಟಿ ಮುಗಿಯಿತು, ಊರವರ ಕುಶಲ ವಿಚಾರಿಸುವುದೂ ಮುಗಿಯಿತು, ನನ್ನ ತಾಳ್ಮೆಯಂತೂ ಯಾವಾಗಲೋ ಮುಗಿದಿತ್ತು. ಸಂಜೆಯ ಹೊತ್ತಿಗೆ ಬೆಂಗಳೂರಿನಲ್ಲಿ ಯಾರೋ ಪುಣ್ಯಾತ್ಮರು ಪಟ್ಟಿ ತಿದ್ದಿದರು. ಮೇಡಂ ಮುಸುಕಿನೊಳಗೆ ಹೋಗಿ, ‘ಹೂಂ, ಆಯ್ತು’ ಅಂದರು.

‘ಮಿಷನ್‌ಗೆ ಮರ್ಯಾದೆ ಗೊತ್ತಿಲ್ಲ ಕಣಪ್ಪ, ದಾಕ್ಷಿಣ್ಯ ಗೊತ್ತಿಲ್ಲ. ಅದಕ್ಕೇ ನನಗೆ ಅದು ಇಷ್ಟ’ ಎಂದು ದಾರಿಯಲ್ಲಿ ಹೇಳಿದರು. ಇಂಥ ಮಾತನ್ನು ಅವರು ಆಗಾಗ ಹೇಳುತ್ತಿದ್ದರು, ನಾನು ಆಗಾಗ ಕೇಳಿಸಿಕೊಳ್ಳದೆ ಗೇರು ಬದಲಿಸುತ್ತಿದ್ದೆ. ದೇವನೂರು ಕಡೆಯ ಒಂದು ಊರಿನಲ್ಲಿ ಆ ಮಾತು ತಿರುಗಿ ಅವರನ್ನೇ ಹಿಡಿಯಿತು.

ಊರು ದೊಡ್ಡದಲ್ಲ. ಒಂದು ದೊಡ್ಡ ಬಾವಿ, ಅದರ ನೀರು ಮೋಟಾರಿನಿಂದ ಮಿನಿ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ. ಬಾವಿಗೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ. ಮೋಟಾರು ಹಾಕಿ ತೆಗೆಯುವವನು ನೀರುಗಂಟಿ. ಮೇಡಂ ಒಂದು ಶಿಸ್ತು ಇಟ್ಟುಕೊಂಡಿದ್ದರು. ಯಾವ ಊರಿಗೆ ಹೋಗುವುದಿದ್ದರೂ ಮುಂಚಿತವಾಗಿ ಅಲ್ಲಿನ ನೀರುಗಂಟಿಗೆ ಫೋನು ಮಾಡಿ, ‘ಇಂಥ ದಿನ ಬರ್ತೀವಿ, ಬೀಗದ ಕೈ ಸಿಗೋ ಹಾಗಿರಲಿ ಅಪ್ಪ’ ಎಂದು ಹೇಳುವರು. ಹೇಳದೆ ಕೇಳದೆ ಜನರ ಬಾವಿಗೆ ಹೋಗಿ ನಿಲ್ಲುವುದು ಮರ್ಯಾದೆಯಲ್ಲ ಎಂದು ಅವರ ಲೆಕ್ಕ.

ನಾವು ಹೋದಾಗಲೆಲ್ಲ ಆ ಬಾವಿಯಲ್ಲಿ ನೀರು ಚೆನ್ನಾಗಿಯೇ ಇರುತ್ತಿತ್ತು. ಆದರೆ ನಲ್ಲಿಯ ಹತ್ತಿರ ಬಣ್ಣಬಣ್ಣದ ಕೊಡಗಳು ಸಾಲಾಗಿ ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ನಮ್ಮನ್ನು ಕಂಡರೆ ಹೆಂಗಸರು ಆ ಕೊಡಗಳನ್ನು ಎತ್ತಿಕೊಂಡು ಪಕ್ಕದ ಸಂದಿಗೆ ಸರಿಯುವರು. ಬಾವಿ ತುಂಬಿದೆ, ನಲ್ಲಿ ಒಣಗಿದೆ. ಇದು ಮೇಡಂ ತಲೆಯಲ್ಲಿ ಹೊಕ್ಕಿತು. ಹೊಕ್ಕಮೇಲೆ ಹೊರಗೆ ಬರುವ ಹಾಗಿಲ್ಲ.

ಅದಕ್ಕೆ ಕಾರಣವೂ ಇತ್ತು. ದೂರದ ನದಿಯಿಂದ ಪೈಪಿನಲ್ಲಿ ಕುಡಿಯುವ ನೀರು ತರುವ ಯೋಜನೆಯಲ್ಲಿ, ಬೇಸಗೆಯಲ್ಲಿ ಯಾವ ಊರ ಬಾವಿ ಬತ್ತುತ್ತದೋ ಆ ಊರಿಗೆ ಮೊದಲು. ಉಳಿದವರಿಗೆ ಯಾವಾಗಲೋ ಒಮ್ಮೆ. ಬಾವಿ ಬತ್ತಿದೆಯೇ ಇಲ್ಲವೇ ಅನ್ನುವುದಕ್ಕೆ ಸಾಕ್ಷಿ ನಮ್ಮ ತಿಂಗಳ ಅಳತೆ. ಈ ಊರಿನ ಅಳತೆ ನೋಡಿದರೆ ಇಲ್ಲಿಗೆ ಪೈಪು ಸದ್ಯಕ್ಕೆ ಬರುವ ಮಾತೇ ಇಲ್ಲ. ‘ನೀರಿಟ್ಟುಕೊಂಡೇ ಇಲ್ಲ ಅಂತ ನಾಟಕ ಆಡ್ತಾರೆ, ಬಿಡಿ ಮೇಡಂ. ಊರೊಳಗಿನ ಪೈಪು ಎಲ್ಲೋ ಸೋರ್ತಿರಬೇಕು’ ಎಂದೆ ನಾನು. ಅವರು ಪೈಪನ್ನು ಉದ್ದಕ್ಕೂ ನಡೆದು ನೋಡಿದರು. ಟೇಪಿನ ಮೇಲೇ ಅನುಮಾನ ಬಂದು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದರು. ಎಲ್ಲವೂ ಸರಿಯಾಗಿತ್ತು.

ಆ ಬೇಸಗೆ ಶುರುವಾಗುವಾಗ ಪ್ರಯೋಗಕ್ಕೆಂದು ಕೆಲವು ಸೆನ್ಸರ್‌ಗಳು ಬಂದವು. ಬೆರಳು ದಪ್ಪದ ಉಕ್ಕಿನ ಕೊಳವೆ. ಬಾವಿಯ ತಳದ ಹತ್ತಿರ ನೇತುಹಾಕಿದರೆ ಗಂಟೆಗೊಮ್ಮೆ ತಾನೇ ನೀರಿನ ಮಟ್ಟ ನೋಡಿ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ತಂತಿಯಿಂದ ಹ್ಯಾಂಡ್‌ಹೆಲ್ಡ್‌ಗೆ ಜೋಡಿಸಿದರೆ ಎಲ್ಲವೂ ಒಂದು ಗೆರೆಯಾಗಿ ತೆರೆಯ ಮೇಲೆ ಬರುತ್ತದೆ. ಹೆದ್ದಾರಿಯ ಪಕ್ಕದ ಬಾವಿಗಳಿಗೆ ಹಾಕಿ, ಹೋಗಿಬರಲು ಸುಲಭ ಎಂದು ಮ್ಯಾನೇಜರು. ಮೇಡಂ ಒಂದನ್ನು ತಂದು ಈ ಬಾವಿಗೆ ಇಳಿಬಿಟ್ಟರು.

ಮುಂದಿನ ಸಲ ಹೋದಾಗ ಎಂದಿನಂತೆ ಬಾವಿ ತುಂಬಿತ್ತು. ಟೇಪಿನ ಅಳತೆ ಸೇರಿಸಿ, ಆಮೇಲೆ ಸೆನ್ಸರಿನ ತಂತಿ ಜೋಡಿಸಿ ಮುಸುಕಿನೊಳಗೆ ಹೋದವರು ಹೊರಗೆ ಬರಲೇ ಇಲ್ಲ. ‘ಏನಾಯ್ತು ಮೇಡಂ?’ ಅಂದೆ. ದುಪಟ್ಟಾದ ಅಂಚೆತ್ತಿ ನನ್ನನ್ನೂ ಒಳಗೆ ಕರೆದು ತೆರೆ ತೋರಿಸಿದರು. ಗೆರೆ ತಿಂಗಳಿಡೀ ತಳದಲ್ಲೇ ತೆವಳಿಕೊಂಡು ಬಂದಿತ್ತು. ಕೊನೆಯಲ್ಲಿ ಮಾತ್ರ, ನಾವು ಬರುವ ಮುನ್ನ, ಮೆಲ್ಲಗೆ ಮೇಲೇರತೊಡಗಿ, ಇವತ್ತಿನ ಬೆಳಿಗ್ಗೆಗೆ ತುಂಬಿ ನಿಂತಿತ್ತು. ಗೆರೆ ಏರಲು ಶುರುವಾದದ್ದು ಮೇಡಂ ನೀರುಗಂಟಿಗೆ ಫೋನು ಮಾಡಿದ ಸಂಜೆಯಿಂದ.

ನೀರುಗಂಟಿಯನ್ನು ಕರೆದರು. ಆತ ಕತ್ತು ತುರಿಸಿಕೊಂಡ. ‘ನೀವು ಬತ್ತೀನಿ ಅಂದ ತಕ್ಷಣ ಮೋಟ್ರು ನಿಲ್ಲಿಸ್ಬಿಡ್ತೀವಿ ಮೇಡಮ್ನೋರೆ. ಊರ್ನೋರ್ಗೂ ಹೇಳ್ತೀವಿ, ನೀರು ಬರಕಿಲ್ಲ ಅಂತ. ಬಾವಿ ವಸಿ ಊರ್ಕಂತದೆ.’

‘ಯಾಕಪ್ಪಾ?’

‘ಬಂದೋರ್ಗೆ ಖಾಲಿ ಬಾವಿ ತೋರ್ಸಕ್ಕಾಯ್ತದಾ?’

‘ಅಷ್ಟು ದಿನ ನೀರಿಗೇನು ಮಾಡ್ತೀರಿ?’

‘ಹೊಲದ್ ಕಡೆ ಬೋರ್‌ವೆಲ್ ಐತಲ್ಲ, ಹೆಂಗಸ್ರು ಅಲ್ಲಿಂದ ಹೊತ್ಕಂಬತ್ತಾರೆ. ನೀವು ಹೋದ್ಮೇಲೆ ಮೋಟ್ರು ಹಾಕ್ತೀವಲ್ಲ, ಅದಕ್ಕೇ ನಲ್ಲಿ ತಾವ ಕೊಡ ಇಟ್ಟು ಕಾಯ್ತಾರೆ.’

ಮೇಡಂ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಅವರು ಮರ್ಯಾದೆಗೆಂದು ಫೋನು ಮಾಡಿದರು, ಊರು ಮರ್ಯಾದೆಗೆಂದು ಬಾಯಾರಿ ಬಾವಿ ತುಂಬಿಸಿತು, ಯಂತ್ರ ಕಂಡದ್ದನ್ನು ಕಂಡಂತೆ ಬರೆದುಕೊಂಡಿತು. ಯಾರೂ ಸುಳ್ಳು ಹೇಳಿರಲಿಲ್ಲ, ಆದರೂ ನಮ್ಮ ವರದಿಯಲ್ಲಿದ್ದದ್ದೆಲ್ಲ ಸುಳ್ಳು.

ಸಂಜೆ ಮ್ಯಾನೇಜರಿಗೆ ಫೋನು. ‘ಸೆನ್ಸರ್ ಬರೀ ಪ್ರಯೋಗಕ್ಕೆ ಮೇಡಂ. ಲೆಕ್ಕಕ್ಕೆ ಬರೋದು ಟೇಪಿನ ಅಳತೆ ಒಂದೇ. ಈ ತಿಂಗಳದ್ದು ಆಗಲೇ ಸೇರಿಹೋಗಿದೆ.’ ಸಾಫ್ಟ್‌ವೇರ್ ತಿಂಗಳಿಗೆ ಒಂದು ಬಾವಿಗೆ ಒಂದೇ ಅಳತೆ ತೆಗೆದುಕೊಳ್ಳುತ್ತಿತ್ತು. ಪೈಪಿಗೆ ಊರುಗಳ ಆಯ್ಕೆ ಮುಗಿಯುವ ಮುನ್ನ ಉಳಿದಿದ್ದದ್ದು ಇನ್ನೊಂದೇ ಅಳತೆ. ‘ಒಂದು ಸಾಕು’ ಅಂದರು ಮೇಡಂ, ನನಗೋ ಫೋನಿಗೋ ತಿಳಿಯಲಿಲ್ಲ.

ಮುಂದಿನ ತಿಂಗಳು ಅವರು ಯಾರಿಗೂ ಫೋನು ಮಾಡಲಿಲ್ಲ. ಬೆಳಿಗ್ಗೆ ಜೀಪು ಹತ್ತುವಾಗ ಕೈಯಲ್ಲಿ ಹೊಸದೊಂದು ಹಸಿರು ಪ್ಲಾಸ್ಟಿಕ್ ಕೊಡ. ‘ಇದ್ಯಾಕೆ ಮೇಡಂ?’ ಅಂದೆ. ‘ಕೊಡ ಯಾಕಪ್ಪಾ ಇರೋದು? ನೀರಿಗೆ’ ಅಂದರು. ನಾನು ಜೀಪು ಸ್ಟಾರ್ಟ್ ಮಾಡಿದೆ.

ಜೀಪಿನ ಸದ್ದಿಗೆ ನೀರುಗಂಟಿ ಬಂದ. ಈ ಅಳತೆಯ ಮೇಲೇ ಪೈಪು ನಿಂತಿದೆಯೆಂದು ಮೇಡಂ ಅವನಿಗೆ ಹಿಂದಿನ ಸಲವೇ ಬಿಡಿಸಿ ಹೇಳಿದ್ದರು, ಅವನು ಒಪ್ಪಿಯೂ ಇದ್ದ. ಆದರೆ ಬೀಗದ ಕೈ ಅವನ ಹತ್ತಿರ ಇರಲಿಲ್ಲ. ಅದು ಅವನ ತಾಯಿಯ ಸೊಂಟದಲ್ಲಿತ್ತು. ಅಜ್ಜಿ ಬಾವಿಯ ಜಾಲರಿಗೆ ಬೆನ್ನು ಕೊಟ್ಟು ನಿಂತಿದ್ದರು. ಬೇಸಗೆ ಮುಗಿಯುವಾಗ ಆ ಬಾವಿಗೆ ಗಂಗಮ್ಮನ ಪೂಜೆ ಮಾಡುವವರು ಅವರೇ.

‘ನಾಳಿದ್ದು ಬಾ ತಾಯಿ. ತುಂಬಿರ್ತದೆ. ಆವಾಗ ಅಳ್ಕಳವಂತೆ’ ಅಂದರು.

‘ತುಂಬಿದ್ದು ಬೇಡ ಅಜ್ಜಿ. ಇವತ್ತು ಇರೋದು ಬೇಕು.’

‘ಇವತ್ತು ಏನೈತೆ? ಬರೀ ಕೆಸ್ರು. ಗಂಗಮ್ಮ ಇಲ್ಲ ಅಂತ ಹೊರಗ್ನೋರ ಬಾಯಲ್ಲಿ ಬರಬಾರ್ದು ಕಣವ್ವ. ಬಂದ್ರೆ ಅವ್ಳು ನಿಲ್ಲಕಿಲ್ಲ. ಖಾಲಿ ಕೊಡಾನೇ ನಾವು ಬಂದೋರ ಎದ್ರಿಗೆ ಹಿಡಿಯಕಿಲ್ಲ, ಬಾವೀನೇ ಖಾಲಿ ತೋರ್ಸು ಅಂತೀಯಲ್ಲ.’

ಮಗ ಹೇಳಿದ, ಒಂದಿಬ್ಬರು ಗಂಡಸರು ಹೇಳಿದರು. ಅಜ್ಜಿ ಜಗ್ಗಲಿಲ್ಲ. ಮ್ಯಾನೇಜರು ಫೋನಿನಲ್ಲಿ, ‘ಬೀಗ ಹಾಕಿದೆ ಅಂತ ಒತ್ತಿ ಬಂದುಬಿಡಿ, ಅದಕ್ಕೊಂದು ಬಟನ್ ಇದೆ’ ಅಂದರು. ನಿಜ, ಅಂಥದೊಂದು ಬಟನ್ ಇತ್ತು. ಅದನ್ನು ಒತ್ತಿದರೆ ಆ ಊರಿನ ಕತೆ ಅಲ್ಲಿಗೆ ಮುಗಿಯುತ್ತಿತ್ತು, ನಾವು ಊಟದ ಹೊತ್ತಿಗೆ ಕಡೂರಿನಲ್ಲಿರುತ್ತಿದ್ದೆವು.

ಮೇಡಂ ಜೀಪಿಗೆ ಹೋಗಿ ಹಸಿರು ಕೊಡ ತೆಗೆದುಕೊಂಡರು. ನೇರ ನಲ್ಲಿಯ ಹತ್ತಿರ ಹೋಗಿ ಸಾಲಿನ ಕೊನೆಯಲ್ಲಿ ಇಟ್ಟು, ಅದರ ಪಕ್ಕದಲ್ಲಿ ನಿಂತರು. ಹೆಂಗಸರು ಗಾಬರಿಯಾಗಿ, ‘ನೀವ್ಯಾಕೆ ಮೇಡಮ್ಮ, ಬನ್ನಿ ಮುಂದಕ್ಕೆ, ತುಂಬಿಸ್ಕಳಿ’ ಅಂದರು. ‘ನಕ್ಕೋ ನಕ್ಕೋ’ ಎಂದು ಗಡಿಬಿಡಿಯಲ್ಲಿ ಮನೆಮಾತೇ ಬಂದುಬಿಟ್ಟಿತು, ಆಮೇಲೆ, ‘ಬೇಡ ಬೇಡ, ನನ್ನ ಸರದಿ ಬಂದಾಗ ಹಿಡ್ಕೋತೀನಿ ಕಣ್ರಮ್ಮ’ ಅಂದರು. ಬಿಸಿಲು ನೆತ್ತಿಗೆ ಬಂತು. ನಾನು ಜೀಪಿನ ನೆರಳಿನಲ್ಲಿ ಕೂತು ಅವರ ಹಟಕ್ಕೆ ಶಾಪ ಹಾಕುತ್ತಿದ್ದೆ. ನಲ್ಲಿ ಕೆಮ್ಮಿತು, ತೊಟ್ಟಿಕ್ಕಿತು, ಮುಂದಿನ ಒಂದೆರಡು ಕೊಡಗಳ ತಳ ಒದ್ದೆ ಮಾಡಿ ನಿಂತೇ ಹೋಯಿತು. ಸಾಲು ಚದುರಿತು. ಮೇಡಂ ಕೊಡವನ್ನು ಸೊಂಟಕ್ಕೇರಿಸಿಕೊಂಡು ಬಾವಿಯ ಕಡೆ ಬಂದರು. ದುಪಟ್ಟಾ ಬೆವರಿಗೆ ಅಂಟಿತ್ತು.

ಅಜ್ಜಿಯ ಎದುರು ನಿಂತು ಕೊಡವನ್ನು ಬಗ್ಗಿಸಿ ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ.

‘ಖಾಲಿ ಕೊಡ ಹಿಡ್ಕೊಂಡು ನಾನೇ ನಿನ್ನೆದುರಿಗೆ ಬಂದಿದೀನಿ ಅಜ್ಜಿ. ಇನ್ನು ನಾನು ಬಂದೋಳಲ್ಲ, ನಿಮ್ಮ ಸಾಲಲ್ಲಿ ನಿಂತೋಳು. ನನಗೇನು ಮುಚ್ಚಿಡ್ತೀಯ?’

ಅಜ್ಜಿ ಕೊಡ ನೋಡಿದರು, ಮೇಡಂ ಮುಖ ನೋಡಿದರು. ಮನೆಗೆ ಬಂದವಳು ಬಿಸಿಲಲ್ಲಿ ನಿಂತು ಬರಿಗೊಡ ಹೊತ್ತುಕೊಂಡು ಬಂದಿದ್ದಾಳೆ. ಅಜ್ಜಿಯ ಕಣ್ಣು ತುಂಬಿತು. ಸೊಂಟದಿಂದ ಬೀಗದ ಕೈ ಬಿಚ್ಚಿ, ಮಗನಿಗೂ ಕೊಡದೆ, ತಾವೇ ಜಾಲರಿ ತೆಗೆದರು.

ಟೇಪು ಇಳಿಯಿತು, ಇಳಿಯಿತು. ಕುಂಯ್ ಎನ್ನಲೇ ಇಲ್ಲ. ತಳಕ್ಕೆ ತಾಗಿ ಸಡಿಲವಾಯಿತು. ಯಂತ್ರವೋ, ಅಂಕಿ ಕೊಡದೆ ಮುಂದಕ್ಕೆ ಹೋಗುವುದಿಲ್ಲ ಎಂದು ಕೂತಿತು. ಆಗ ನಾನು ಜೀಪಿನಿಂದ ಎದ್ದು ಬಂದೆ. ‘ಬಾವಿ ಒಣಗಿದೆ’ ಎಂದು ದಾಖಲಿಸುವ ದಾರಿಯೊಂದು ಸಾಫ್ಟ್‌ವೇರ್‌ನಲ್ಲಿ ಮೂಲೆಯಲ್ಲೆಲ್ಲೋ ಇತ್ತು. ಅಲ್ಲಿಯವರೆಗೆ ಅದನ್ನು ಯಾರೂ ಬಳಸಿರಲಿಲ್ಲ, ಏಕೆಂದರೆ ಅದಕ್ಕೊಂದು ಷರತ್ತು. ತೆರೆದ ಬಾವಿಯ ಪಕ್ಕದಲ್ಲಿ ಊರಿನವರೊಬ್ಬರು ನಿಂತ ಫೋಟೋ ಬೇಕು. ಹಾಗೆಂದು ಹೇಳಿದೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬತ್ತಿದ ಬಾವಿಯ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ?

‘ಅದನ್ನ ಇಲ್ಲಿ ಕೊಡು’ ಎಂದು ಅಜ್ಜಿ ಮೇಡಂ ಸೊಂಟದಿಂದ ಹಸಿರು ಕೊಡ ಇಸಿದುಕೊಂಡರು. ಬಾವಿಕಟ್ಟೆಯ ಪಕ್ಕ ನಿಂತು, ಕೊಡದ ಬಾಯಿ ಯಂತ್ರದ ಕಡೆಗೆ ತಿರುಗಿಸಿ ಹಿಡಿದು, ‘ತಗಿ’ ಅಂದರು. ಮೇಡಂ ಮುಸುಕಿನೊಳಗೆ ಹೋದರು. ಈ ಸಲ ‘ಹೂಂ, ಆಯ್ತು’ ಅನ್ನುವ ದನಿ ಸ್ವಲ್ಪ ಒಡೆದಿತ್ತು.

ಮೊದಲ ಹಂತದ ಊರುಗಳಲ್ಲಿ ಆ ಊರಿನ ಹೆಸರು ಬಂತು. ಕಾಲುವೆ ತೋಡಿದರು, ಪೈಪು ಹೂತರು, ಮಧ್ಯೆ ನಿಲ್ಲಿಸಿದರು, ಮತ್ತೆ ಶುರುಮಾಡಿದರು. ಈ ನಡುವೆ ಮೇಡಂಗೆ ಕಾಯಿಲೆ ಹತ್ತಿತು. ರಜೆಯ ಮೇಲೆ ರಜೆ ಹಾಕಿದರು. ನೋಡಲು ತರೀಕೆರೆಗೆ ಹೋದರೆ ಮಂಚದ ಮೇಲೆ ಒರಗಿಕೊಂಡೇ, ‘ನೀರು ಬಂತೇನೋ ಆ ಊರಿಗೆ?’ ಎಂದು ಕೇಳುವರು. ‘ಇನ್ನೂ ಇಲ್ಲ ಮೇಡಂ.’ ‘ಫೋನ್ ಮಾಡು ಮತ್ತೆ. ಸುಮ್ಮನೆ ಕೂತ್ಕೋಬೇಡ.’ ನಾನು ಮಾಡುತ್ತಿದ್ದೆ. ಯಾರಿಗೆಲ್ಲ ಮಾಡಿದೆನೋ, ಅವರ ಹೆಸರುಗಳು ಈಗ ನೆನಪಿಲ್ಲ. ಪೈಪಿನ ಕೆಲಸ ಇನ್ನೇನು ಮುಗಿಯಬೇಕು ಅನ್ನುವಾಗ ಮೇಡಂ ತೀರಿಕೊಂಡರು. ನನಗೆ ಅವತ್ತು ಬಂದದ್ದು ಅಳುವಿಗಿಂತ ಹೆಚ್ಚಾಗಿ ಸಿಟ್ಟು. ಇನ್ನು ಸ್ವಲ್ಪ ದಿನ ಹಟ ಹಿಡಿಯುವುದು ಅವರಿಗೇನು ಕಷ್ಟವಾಗಿತ್ತು ಎಂದು.

ಈಗ ಅಳತೆಗೂ ನಾನೇ ಹೋಗುತ್ತೇನೆ, ಹೊಸ ಫೋನು ಹಿಡಿದುಕೊಂಡು. ಆ ಊರಿನ ನಲ್ಲಿಗೆ ಕೊನೆಗೂ ನದಿಯ ನೀರು ಬಂದಿದೆ, ಆದರೂ ಬಾವಿಯ ಅಳತೆ ನಿಂತಿಲ್ಲ. ಹಳೆಯ ಯಂತ್ರಗಳನ್ನು ಪೆಟ್ಟಿಗೆಗೆ ತುಂಬಿದ ಮಾರನೆಯ ದಿನ ಆ ಊರಿನ ಸರದಿ ಇತ್ತು. ಹೂವಿನ ಚೀಲದಲ್ಲಿ ಫೋನು ಹಾಕಿಕೊಂಡು ಹೋದೆ. ಮುಂಚಿತವಾಗಿ ತಿಳಿಸಿರಲಿಲ್ಲ.

ಜೀಪು ಇಳಿಯುವಾಗ ಅಜ್ಜಿ ನಲ್ಲಿಯ ಕಡೆ ಹೊರಟಿದ್ದರು. ಕಂಕುಳಲ್ಲಿ ಮೇಡಂ ಅವತ್ತು ಅಲ್ಲೇ ಬಿಟ್ಟುಬಂದಿದ್ದ ಹಸಿರು ಕೊಡ, ಈಗ ಬಣ್ಣಗೆಟ್ಟದ್ದು, ಖಾಲಿ. ನನ್ನನ್ನು ಕಂಡು ಸಂದಿಗೆ ಸರಿಯಲಿಲ್ಲ, ಕೊಡಕ್ಕೆ ಸೆರಗು ಮುಚ್ಚಲಿಲ್ಲ. ಆ ಕೊಡವನ್ನೇ ಹಿಡಿದುಕೊಂಡು ನೇರ ನನ್ನೆದುರಿಗೆ ಬಂದರು. ಮೇಡಂ ಹೋದ ಸುದ್ದಿ ಅವರಿಗೆ ಆಗಲೇ ಗೊತ್ತಿತ್ತು. ಚೀಲವನ್ನು ಒಂದು ಸಲ ಮುಟ್ಟಿ ನೋಡಿದರು. ಆಮೇಲೆ ಸೊಂಟದಿಂದ ಬೀಗದ ಕೈ ಬಿಚ್ಚಿ, ನಾನು ಕೇಳುವ ಮೊದಲೇ ನನ್ನ ಕೈಗೆ ಹಾಕಿದರು.

‘ಎಷ್ಟೈತೋ ಅಷ್ಟೇ ಬರ್ಕಳಪ್ಪ’ ಅಂದರು.

ನಾನು ಚಪ್ಪಲಿ ಬಿಟ್ಟು, ಜಾಲರಿ ತೆಗೆದು, ಟೇಪು ಇಳಿಬಿಟ್ಟೆ.